ಹಳೆಯ ಮನೆಬಳಕೆಯ ಗಣಕಯಂತ್ರಗಳ ಮೂಲಪಾಠದೋಷಗಳು: ಶೋಧನೆ ಮತ್ತು ಪರಿಹಾರ

ಪೀಠಿಕೆ

ಗಣಕಯಂತ್ರವು ತಾನಾಗಿ ಏನನ್ನೂ ಆಲೋಚಿಸದು. ತನ್ನೊಳಗೆ ಬರೆದಿಟ್ಟ ಆದೇಶಗಳನ್ನು ಒಂದಾದ ಮೇಲೊಂದರಂತೆ ಓದಿ, ಓದಿದ್ದನ್ನು ಅಕ್ಷರಶಃ ನಡೆಸುವುದಷ್ಟೇ ಅದರ ಕೆಲಸ. ಆ ಆದೇಶಗಳನ್ನು ಬರೆದವರು ಮನುಷ್ಯರು. ಆದಕಾರಣ ಓಲೆಗರಿಯ ಗ್ರಂಥಗಳಲ್ಲಿ ಲಿಪಿಕಾರನ ಕೈತಪ್ಪಿನಿಂದ ಅಪಪಾಠಗಳು ನುಸುಳಿದಂತೆಯೇ ಯಂತ್ರದ ಒಳಬರಹದಲ್ಲಿಯೂ ತಪ್ಪುಗಳು ನುಸುಳಿವೆ. ಗಣಕವಿಜ್ಞಾನದಲ್ಲಿ ಇಂಥ ತಪ್ಪಿಗೆ ‘ಬಗ್’ ಎಂದು ಹೆಸರು. ಯಂತ್ರವು ವಿಚಿತ್ರವಾಗಿ ವರ್ತಿಸಿದಾಗ ತಪ್ಪು ಎಲ್ಲಿದೆ, ಅದು ಯಾರದು, ಅದಕ್ಕೆ ಪರಿಹಾರವೇನು ಎಂಬುದನ್ನು ಕ್ರಮವಾಗಿ ನಿರ್ಣಯಿಸುವುದು ಒಂದು ಶಾಸ್ತ್ರವೇ ಸರಿ. ಈ ಶಾಸ್ತ್ರವನ್ನು ಅಭ್ಯಸಿಸಲು ೧೯೮೦ರ ದಶಕದ ಸಣ್ಣ ಗಣಕಯಂತ್ರಗಳಿಗಿಂತ ಅನುಕೂಲವಾದ ಸಾಮಗ್ರಿ ಬೇರೊಂದಿಲ್ಲ. ಅವುಗಳ ಒಳಬರಹವು ಒಬ್ಬ ಶ್ರದ್ಧಾವಂತನು ಆದ್ಯಂತ ಓದಿ ಮುಗಿಸಬಹುದಾದಷ್ಟು ಮಿತವಾದುದು. ಮೇಲಾಗಿ ಅವುಗಳ ದೋಷಗಳನ್ನು ಅನೇಕರು ಶೋಧಿಸಿ ದಾಖಲಿಸಿದ್ದಾರೆ.

೧೯೭೦ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಕಾಲ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಬಳಸುವ ಯಂತ್ರಗಳು ಬಹುವಾಗಿ ಪ್ರಚಾರಕ್ಕೆ ಬಂದವು. ಅಮೆರಿಕದ ಅಟಾರಿ ೪೦೦ ಮತ್ತು ೮೦೦ (೧೯೭೯), ಬ್ರಿಟನ್ನಿನ ಸಿಂಕ್ಲೇರ್ ಝಡ್‌ಎಕ್ಸ್ ೮೧ (೧೯೮೧), ಬಿಬಿಸಿ ಮೈಕ್ರೊ (೧೯೮೧), ಝಡ್‌ಎಕ್ಸ್ ಸ್ಪೆಕ್ಟ್ರಮ್ (೧೯೮೨), ಅಮೆರಿಕದ ಕಮೊಡೋರ್ ೬೪ (೧೯೮೨) ಇವುಗಳಲ್ಲಿ ಮುಖ್ಯವಾದವು. ನಮ್ಮ ದೇಶದ ಶಾಲೆಗಳಿಗೂ ಇವುಗಳಲ್ಲೊಂದರ ಪರಿಚಯವಾಯಿತು. ಭಾರತ ಸರ್ಕಾರವು ೧೯೮೪ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಗಣಕ ಸಾಕ್ಷರತಾ ಯೋಜನೆಯಲ್ಲಿ ಸುಮಾರು ೨೫೦ ಶಾಲೆಗಳನ್ನು ಮೊದಲಿಗೆ ಆರಿಸಿಕೊಂಡು, ಅಲ್ಲಿ ಬಿಬಿಸಿ ಮೈಕ್ರೊ ಯಂತ್ರಗಳನ್ನು ಪಾಠಕ್ಕೆ ಬಳಸಲಾಯಿತು. ಅಂಗಡಿಗಳಿಂದ ಈ ಯಂತ್ರಗಳು ಮರೆಯಾಗಿ ಬಹುಕಾಲವಾಯಿತು. ವಸ್ತುಸಂಗ್ರಹಾಲಯಗಳಲ್ಲಿಯೂ ಆಸಕ್ತರ ಮನೆಗಳಲ್ಲಿಯೂ ಅವು ಇಂದಿಗೂ ಉಳಿದಿವೆ. ಅವುಗಳನ್ನು ದುರಸ್ತಿಗೊಳಿಸಿ ನಡೆಸುವವರು ಇದ್ದಾರೆ.

೧. ರೋಮ್ ಎಂಬ ಶಾಸನ

ಈ ಯಂತ್ರಗಳಲ್ಲಿ ಎರಡು ಬಗೆಯ ಸ್ಮೃತಿಗಳುಂಟು. ಒಂದು ರ‍್ಯಾಮ್. ಇದು ಮರಳಿನ ಮೇಲೆ ತಿದ್ದಿದ ಅಕ್ಷರದಂತೆ. ಬರೆಯಬಹುದು, ಅಳಿಸಬಹುದು, ವಿದ್ಯುತ್ತು ನಿಂತೊಡನೆ ಎಲ್ಲವೂ ಮಾಯವಾಗುವುದು. ಇನ್ನೊಂದು ರೋಮ್. ಇದು ಕಲ್ಲಿನ ಮೇಲೆ ಕೊರೆದ ಶಾಸನದಂತೆ. ಕಾರ್ಖಾನೆಯಲ್ಲಿ ಚಿಪ್ಪನ್ನು ತಯಾರಿಸುವಾಗಲೇ ಬರಹವು ಅದರಲ್ಲಿ ಅಚ್ಚಾಗಿರುತ್ತದೆ, ಅನಂತರ ಅದನ್ನು ಓದಬಹುದಲ್ಲದೆ ತಿದ್ದಲಾಗದು. ಕೀಲಿಮಣೆಯನ್ನು ಗಮನಿಸುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು, ಟೇಪ್ ರೆಕಾರ್ಡರಿನಿಂದ ಕಾರ್ಯಕ್ರಮವನ್ನು ಓದಿಕೊಳ್ಳುವುದು ಮುಂತಾದ ನಿತ್ಯಕರ್ಮಗಳನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ, ಬಳಕೆದಾರನು ಆದೇಶ ಕೊಡಲು ಬಳಸುವ ಬೇಸಿಕ್ ಭಾಷೆಯೂ ಈ ರೋಮಿನಲ್ಲಿಯೇ ಇರುತ್ತಿದ್ದವು. ಝಡ್‌ಎಕ್ಸ್ ೮೧ರಲ್ಲಿ ಇವೆರಡೂ ಸೇರಿ ೮೧೯೨ ಬೈಟುಗಳು. ಸ್ಪೆಕ್ಟ್ರಮ್‌ನಲ್ಲಿ ೧೬೩೮೪ ಬೈಟುಗಳು. ಒಂದು ಬೈಟ್ ಎಂದರೆ ಎಂಟು ಬಿಟ್ಟುಗಳು. ಪ್ರತಿಯೊಂದು ಬಿಟ್ಟೂ ಸೊನ್ನೆ ಅಥವಾ ಒಂದು.

ಇಲ್ಲಿಯೇ ಸಮಸ್ಯೆಯ ಮೂಲವಿದೆ. ಇಂದಿನ ಯಂತ್ರದಲ್ಲಿ ತಪ್ಪು ಕಂಡುಬಂದರೆ ತಯಾರಕರು ತಿದ್ದುಪಡಿಯನ್ನು ಜಾಲದ ಮೂಲಕ ಕಳುಹಿಸುತ್ತಾರೆ. ಅಂದು ಆ ಸೌಕರ್ಯವಿರಲಿಲ್ಲ. ಒಮ್ಮೆ ಅಚ್ಚಾದ ತಪ್ಪು ಆ ಅಚ್ಚಿನ ಎಲ್ಲ ಯಂತ್ರಗಳಲ್ಲಿಯೂ ಉಳಿಯುತ್ತಿತ್ತು. ಬಳಕೆದಾರನಿಗೆ ಉಳಿದ ಮಾರ್ಗವೆಂದರೆ ತಪ್ಪನ್ನು ಅರಿತುಕೊಂಡು, ಅದನ್ನು ಬಳಸಿಕೊಂಡು ಹೋಗದೆ ಬಳಸಿ ಹೋಗುವುದು.

೨. ದೋಷದ ನೆಲೆ: ಅನ್ವಯ ಮತ್ತು ವ್ಯತಿರೇಕ

ಯಂತ್ರವು ತಪ್ಪು ಉತ್ತರ ಕೊಟ್ಟಿತು, ಅಥವಾ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು ಎಂದಾಗ ದೋಷವು ಮೂರು ಕಡೆಗಳಲ್ಲಿ ಇರಬಹುದು: ಬಳಕೆದಾರನು ಬರೆದ ಕಾರ್ಯಕ್ರಮದಲ್ಲಿ, ಯಂತ್ರದ ಭೌತಿಕ ಭಾಗಗಳಲ್ಲಿ, ಅಥವಾ ರೋಮಿನ ಬರಹದಲ್ಲಿ. ಈ ಮೂರನ್ನು ಬೇರ್ಪಡಿಸದೆ ಕೈಹಾಕಿದವನು ರೋಗ ತಿಳಿಯದೆ ಔಷಧ ಕೊಟ್ಟ ವೈದ್ಯನಂತಾಗುವನು.

ಭೌತಿಕ ದೋಷವು ಎಷ್ಟೋ ವೇಳೆ ಬರಹದ ದೋಷದ ವೇಷ ತೊಟ್ಟು ಬರುತ್ತದೆ. ಝಡ್‌ಎಕ್ಸ್ ೮೧ರ ಸ್ವಂತ ರ‍್ಯಾಮ್ ಕೇವಲ ೧ ಕಿಲೋಬೈಟ್. ಹೆಚ್ಚಿನ ಸ್ಮೃತಿಗಾಗಿ ೧೬ ಕಿಲೋಬೈಟಿನ ಪೆಟ್ಟಿಗೆಯೊಂದನ್ನು ಹಿಂಬದಿಗೆ ಸಿಕ್ಕಿಸಬೇಕಾಗಿತ್ತು. ಆ ಜೋಡಣೆ ಸಡಿಲ. ಕೀಲಿಗಳನ್ನು ಒತ್ತುವಾಗ ಪೆಟ್ಟಿಗೆ ಅಲುಗಿದರೆ ಸಾಕು, ಗಂಟೆಗಟ್ಟಲೆ ಟೈಪು ಮಾಡಿದ ಕಾರ್ಯಕ್ರಮ ಕ್ಷಣದಲ್ಲಿ ನಾಶವಾಗುತ್ತಿತ್ತು. ಕಮೊಡೋರ್ ೬೪ರ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಹಳತಾದಾಗ ೫ ವೋಲ್ಟ್ ಕೊಡಬೇಕಾದೆಡೆ ಹೆಚ್ಚು ಕೊಟ್ಟು ಸ್ಮೃತಿಯ ಚಿಪ್ಪುಗಳನ್ನೇ ಸುಡುವುದುಂಟು. ಹಳೆಯ ಯಂತ್ರವನ್ನು ಚಾಲೂ ಮಾಡುವ ಮೊದಲು ಮಲ್ಟಿಮೀಟರಿನಿಂದ ಆ ಪೆಟ್ಟಿಗೆಯ ವೋಲ್ಟೇಜನ್ನು ಅಳೆಯುವುದು ಆದ್ಯ ಕರ್ತವ್ಯ. ಸ್ಪೆಕ್ಟ್ರಮ್‌ನ ೯ ವೋಲ್ಟಿನ ಪಿನ್ನಿನಲ್ಲಿ ಮಧ್ಯಭಾಗವು ಋಣ, ಹೊರಭಾಗವು ಧನ. ಸಾಮಾನ್ಯ ಅಡಾಪ್ಟರುಗಳಲ್ಲಿ ಬಹುಮಟ್ಟಿಗೆ ಇದಕ್ಕೆ ವಿಪರೀತ. ಇದನ್ನರಿಯದೆ ಸಿಕ್ಕಿದ ಅಡಾಪ್ಟರನ್ನು ಜೋಡಿಸಿದರೆ ಯಂತ್ರಕ್ಕೆ ಅಪಾಯ ತಪ್ಪದು.

ನೆಲೆಯನ್ನು ನಿರ್ಣಯಿಸಲು ನಮ್ಮ ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ಕ್ರಮವೇ ಸಾಕು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಇದರಂತೆ ಮೂರು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು, ಹೊರಗಿನಿಂದ ಸಿಕ್ಕಿಸಿದ ಎಲ್ಲ ಉಪಕರಣಗಳನ್ನೂ ಬಿಚ್ಚಿ ಅದೇ ಕೆಲಸವನ್ನು ಪುನಃ ಮಾಡಿಸುವುದು. ದೋಷ ಮಾಯವಾದರೆ ಅದು ಉಪಕರಣದ್ದು. ಎರಡನೆಯದು, ಅದೇ ಆದೇಶವನ್ನು ಅದೇ ಮಾದರಿಯ ಇನ್ನೊಂದು ಯಂತ್ರದಲ್ಲಿ ಕೊಡುವುದು. ಮೂರನೆಯದು ಇಂದಿನವರಿಗೆ ಮಾತ್ರ ಲಭ್ಯವಾದ ಸಾಧನ: ಹಳೆಯ ಯಂತ್ರವನ್ನು ಹೊಸ ಗಣಕಯಂತ್ರದೊಳಗೆ ಅನುಕರಿಸುವ ‘ಎಮ್ಯುಲೇಟರ್’ ತಂತ್ರಾಂಶ. ಅದಕ್ಕೆ ಹಳೆಯ ರೋಮಿನ ಯಥಾವತ್ ನಕಲನ್ನು ಕೊಟ್ಟು, ಅದೇ ಆದೇಶ ನೀಡಬೇಕು. ಅಲ್ಲಿ ಸಡಿಲವಾದ ಜೋಡಣೆಯಿಲ್ಲ, ಸುಟ್ಟ ಚಿಪ್ಪಿಲ್ಲ. ಅಲ್ಲಿಯೂ ಅದೇ ದೋಷ ಕಾಣಿಸಿದರೆ ಅದು ಭೌತಿಕವಲ್ಲವೆಂದು ತಿಳಿಯಬಹುದು. ಮೂಲ ಯಂತ್ರದಲ್ಲಿ ಮಾತ್ರ ಕಾಣಿಸಿದರೆ ಬೆಸುಗೆಯನ್ನೂ ಚಿಪ್ಪನ್ನೂ ಪರೀಕ್ಷಿಸಬೇಕು.

೩. ಪ್ರತಿಯ ನಿರ್ಣಯ

ಗ್ರಂಥ ಸಂಪಾದಕನು ಮೊದಲು ಕೇಳುವ ಪ್ರಶ್ನೆ, ಕೈಯಲ್ಲಿರುವ ಪ್ರತಿ ಯಾವುದು ಎಂಬುದು. ದೋಷಶೋಧಕನ ಮೊದಲ ಪ್ರಶ್ನೆಯೂ ಅದೇ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಯಂತ್ರಗಳೊಳಗೆ ಬೇರೆ ಬೇರೆ ಪಾಠದ ರೋಮುಗಳಿರಬಹುದು. ಒಂದರಲ್ಲಿರುವ ದೋಷ ಇನ್ನೊಂದರಲ್ಲಿ ಇರದು. ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ಹೊಂದದು.

ಬಿಬಿಸಿ ಮೈಕ್ರೊ ತನ್ನ ಪ್ರತಿಯನ್ನು ತಾನೇ ಹೇಳುತ್ತದೆ. ನಕ್ಷತ್ರಚಿಹ್ನೆಯನ್ನು ಒತ್ತಿ ‘ಎಫ್‌ಎಕ್ಸ್ ೦’ ಎಂದು ಟೈಪು ಮಾಡಿದರೆ ಕಾರ್ಯಾಚರಣ ವ್ಯವಸ್ಥೆಯ ಸಂಖ್ಯೆ ತೆರೆಯ ಮೇಲೆ ಮೂಡುವುದು. ಆರಂಭದ ಯಂತ್ರಗಳು ೦.೧ ಎಂಬ ಅಪೂರ್ಣ ಪಾಠದೊಡನೆ ಹೊರಬಂದಿದ್ದವು. ಫ್ಲಾಪಿ ಡಿಸ್ಕನ್ನು ಬಳಸಬೇಕಾದವರು ಮುಂದಿನ ಪಾಠವನ್ನು ಹಾಕಿಸಿಕೊಳ್ಳಬೇಕಾಯಿತು. ಬಹುಕಾಲ ನಿಂತದ್ದು ೧.೨೦ ಎಂಬ ಪಾಠ. ಡಿಸ್ಕ್ ಓಡುತ್ತಿಲ್ಲವೆಂದು ಡ್ರೈವನ್ನು ಬಿಚ್ಚುವ ಮೊದಲು ಈ ಒಂದು ಸಾಲನ್ನು ಟೈಪು ಮಾಡಿ ನೋಡುವುದು ಲೇಸು.

೪. ವರ್ಗಮೂಲದ ದೋಷ

ಝಡ್‌ಎಕ್ಸ್ ೮೧ ಬ್ರಿಟನ್ನಿನಲ್ಲಿ ೧೯೮೧ರ ಮಾರ್ಚಿನಲ್ಲಿ ೬೯.೯೫ ಪೌಂಡುಗಳಿಗೆ ಮಾರಾಟಕ್ಕೆ ಬಂದಿತು. ಬಿಡಿಭಾಗಗಳನ್ನು ತಾವೇ ಜೋಡಿಸಿಕೊಳ್ಳುವವರಿಗೆ ಬೆಲೆ ೪೯.೯೫ ಪೌಂಡು. ಆರಂಭದ ಯಂತ್ರಗಳಲ್ಲಿ ೦.೨೫ರ ವರ್ಗಮೂಲವನ್ನು ಕೇಳಿದರೆ ಯಂತ್ರವು ೧.೩೫೯೧೪೦೯ ಎಂದು ಉತ್ತರಿಸುತ್ತಿತ್ತು. ಸರಿಯಾದ ಉತ್ತರವು ೦.೫ ಎಂಬುದನ್ನು ಪ್ರೌಢಶಾಲೆಯ ಬಾಲಕನೂ ಬಲ್ಲ.

ಈ ದೋಷವು ಪಾಠ ಹೇಳುವವರಿಗೆ ಬಹು ಉಪಯುಕ್ತವಾದುದು. ಯಂತ್ರದ ಉತ್ತರವನ್ನು ಒಪ್ಪುವ ಮೊದಲು ತಾಳೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಒಂದಕ್ಕಿಂತ ಚಿಕ್ಕದಾದ ಧನಸಂಖ್ಯೆಯ ವರ್ಗಮೂಲವು ಒಂದಕ್ಕಿಂತ ದೊಡ್ಡದಾಗಲಾರದು. ಆದುದರಿಂದ ಉತ್ತರವು ಅಶುದ್ಧವೆಂಬುದು ನೋಡಿದೊಡನೆ ವಿದಿತವಾಗಬೇಕು. ೧.೩೫೯೧೪೦೯ನ್ನು ಅದರಿಂದಲೇ ಗುಣಿಸಿದರೆ ಸುಮಾರು ೧.೮೪೭ ಬರುವುದು, ೦.೨೫ ಅಲ್ಲ. ಇನ್ನೂ ಸೂಕ್ಷ್ಮವಾಗಿ ನೋಡುವವನಿಗೆ ಮತ್ತೊಂದು ಸಂಗತಿ ಗೋಚರಿಸುತ್ತದೆ. ಆ ಸಂಖ್ಯೆಯು ಸ್ವಾಭಾವಿಕ ಲಾಗರಿದಮ್ಮಿನ ಆಧಾರಸಂಖ್ಯೆಯಾದ ೨.೭೧೮೨೮೧೮ರ ಸರಿಯಾದ ಅರ್ಧ. ಈ ಯಂತ್ರವು ವರ್ಗಮೂಲವನ್ನು ನೇರವಾಗಿ ತೆಗೆಯದೆ ಲಾಗರಿದಮ್ಮಿನ ಮೂಲಕ ತೆಗೆಯುತ್ತಿತ್ತು. ತಪ್ಪು ಉತ್ತರದಲ್ಲಿ ಆ ಆಧಾರಸಂಖ್ಯೆಯ ಮುಖವೇ ಕಾಣುತ್ತಿರುವಾಗ ಶೋಧಕನು ಎತ್ತ ಕಡೆ ಹುಡುಕಬೇಕೆಂಬುದಕ್ಕೆ ಸುಳಿವು ಸಿಕ್ಕಿದಂತಾಯಿತು. ತಪ್ಪು ಉತ್ತರವನ್ನು ಅಳಿಸಿ ಹಾಕದೆ ಅದನ್ನೇ ಓದಬೇಕು ಎಂಬುದು ಇಲ್ಲಿಯ ನೀತಿ.

ಸಿಂಕ್ಲೇರ್ ಸಂಸ್ಥೆಯವರು ಕೆಲವು ಯಂತ್ರಗಳೊಳಗೆ ಸಣ್ಣ ಹಲಗೆಯೊಂದನ್ನು ಅಳವಡಿಸಿ ಈ ದೋಷವನ್ನು ಸರಿಪಡಿಸಿದರು. ಅನಂತರ ರೋಮನ್ನೇ ತಿದ್ದಿದರು. ದೋಷಯುಕ್ತ ಯಂತ್ರವೇ ಕೈಯಲ್ಲಿರುವವನು ವರ್ಗಮೂಲದ ಆದೇಶವನ್ನು ಬಿಟ್ಟು, ಪುರಾತನವಾದ ಸರಾಸರಿಯ ಕ್ರಮವನ್ನು ಅನುಸರಿಸಬಹುದು. ಒಂದು ಊಹೆಯನ್ನು ಇಟ್ಟುಕೊಂಡು, ಕೊಟ್ಟ ಸಂಖ್ಯೆಯನ್ನು ಆ ಊಹೆಯಿಂದ ಭಾಗಿಸಿ, ಭಾಗಲಬ್ಧಕ್ಕೂ ಊಹೆಗೂ ಸರಾಸರಿ ತೆಗೆದರೆ ಮುಂದಿನ ಊಹೆ ದೊರೆಯುವುದು. ೦.೨೫ಕ್ಕೆ ಮೊದಲ ಊಹೆ ೧ ಎಂದಿಟ್ಟರೆ ಮುಂದೆ ೦.೬೨೫, ಆಮೇಲೆ ೦.೫೧೨೫, ಆಮೇಲೆ ಸುಮಾರು ೦.೫೦೦೧೫ ಎಂದು ಉತ್ತರವು ತ್ವರಿತವಾಗಿ ೦.೫ನ್ನು ಸಮೀಪಿಸುತ್ತದೆ. ಇದರಲ್ಲಿ ಕೂಡುವುದೂ ಭಾಗಿಸುವುದೂ ಮಾತ್ರ ಇರುವುದರಿಂದ ರೋಮಿನ ಆ ದೋಷಕ್ಕೆ ಇಲ್ಲಿ ಅವಕಾಶವಿಲ್ಲ.

೫. ಒಂದೇ ಬಿಟ್ಟಿನ ಅಂತರ

ಕನ್ನಡದಲ್ಲಿ ಪಕಾರದ ಹೊಟ್ಟೆಯಲ್ಲಿ ಒಂದು ಗೀರು ಸೇರಿದರೆ ಷಕಾರವಾಗುವುದು. ದಕಾರದ ಬುಡವನ್ನು ಸೀಳಿದರೆ ಧಕಾರವಾಗುವುದು. ಲಿಪಿಕಾರನು ಆ ಒಂದು ಗೀರನ್ನು ಮರೆತರೆ ಅರ್ಥವೇ ಬೇರೆಯಾಗುತ್ತದೆ. ಸ್ಪೆಕ್ಟ್ರಮ್‌ನ ರೋಮಿನಲ್ಲಿ ಇಂಥದೇ ಒಂದು ಪ್ರಸಂಗವಿದೆ.

ಈ ಯಂತ್ರದ ಹೃದಯವಾದ ಝಡ್ ೮೦ ಎಂಬ ಚಿಪ್ಪಿಗೆ ತುರ್ತು ಕರೆಯ ತಂತಿಯೊಂದುಂಟು. ಆ ತಂತಿಯ ಮೇಲೆ ಸಂಕೇತ ಬಂದರೆ ಚಿಪ್ಪು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ೧೦೨ನೆಯ ವಿಳಾಸದಲ್ಲಿರುವ ಆದೇಶಗಳನ್ನು ಪಾಲಿಸಲೇಬೇಕು. ಅಲ್ಲಿ ಬರೆದಿರುವ ಕ್ರಮ ಹೀಗಿದೆ: ರ‍್ಯಾಮಿನ ೨೩೭೨೮ನೆಯ ವಿಳಾಸದಿಂದ ಎರಡು ಬೈಟುಗಳನ್ನು ಓದು, ಅವು ಸೊನ್ನೆಯೋ ಅಲ್ಲವೋ ಪರೀಕ್ಷಿಸು. ಬಳಕೆದಾರನು ಅಲ್ಲಿ ತನ್ನದೊಂದು ವಿಳಾಸವನ್ನು ಇಟ್ಟಿದ್ದರೆ ಅತ್ತ ಹೋಗಬೇಕು, ಏನನ್ನೂ ಇಡದೆ ಸೊನ್ನೆಯಾಗಿದ್ದರೆ ಸುಮ್ಮನೆ ಹಿಂದಿರುಗಬೇಕು ಎಂಬುದೇ ಯುಕ್ತವಾದ ಅಭಿಪ್ರಾಯ. ಆದರೆ ‘ಸೊನ್ನೆಯಾದರೆ ಹಿಂದಿರುಗು’ ಎಂದಿರಬೇಕಾದ ಕಡೆ ‘ಸೊನ್ನೆಯಲ್ಲದಿದ್ದರೆ ಹಿಂದಿರುಗು’ ಎಂದು ಅಚ್ಚಾಗಿದೆ. ಫಲವಾಗಿ ವಿಳಾಸವಿಟ್ಟವನ ಕರೆ ವ್ಯರ್ಥವಾಗುತ್ತದೆ. ಏನನ್ನೂ ಇಡದಿದ್ದರೆ ಯಂತ್ರವು ಸೊನ್ನೆಯ ವಿಳಾಸಕ್ಕೆ ಜಿಗಿದು ಹೊಸದಾಗಿ ಆರಂಭವಾಗುತ್ತದೆ, ಸ್ಮೃತಿಯಲ್ಲಿದ್ದುದೆಲ್ಲ ಅಳಿದುಹೋಗುತ್ತದೆ.

ಈ ಎರಡು ಆದೇಶಗಳ ಸಂಖ್ಯೆಗಳನ್ನು ನೋಡಬೇಕು. ಅಚ್ಚಾದುದು ೩೨, ಇರಬೇಕಾದುದು ೪೦. ಬಿಟ್ಟುಗಳಲ್ಲಿ ಬರೆದರೆ ಒಂದು ೦೦೧೦೦೦೦೦, ಇನ್ನೊಂದು ೦೦೧೦೧೦೦೦. ಎಂಟು ಬಿಟ್ಟುಗಳಲ್ಲಿ ಏಳು ಸಮಾನ, ಒಂದು ಮಾತ್ರ ಭಿನ್ನ. ಒಂದು ಗೀರಿನ ವ್ಯತ್ಯಾಸದಿಂದ ವಿಧಿಯು ನಿಷೇಧವಾಯಿತು.

ಇದರಿಂದ ಸಾಮಾನ್ಯ ಬಳಕೆದಾರನಿಗೆ ಬಾಧಕವೇನೂ ಆಗಲಿಲ್ಲ. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ೨೩೭೨೮ನೆಯ ವಿಳಾಸವು ‘ಬಳಕೆಯಲ್ಲಿಲ್ಲ’ ಎಂದೇ ನಮೂದಾಗಿತ್ತು. ತುರ್ತು ಕರೆಯನ್ನು ಬಳಸುವ ಹೊರ ಉಪಕರಣಗಳನ್ನು ರಚಿಸಲು ಹೊರಟವರು ಮಾತ್ರ ಇದನ್ನು ಎದುರಿಸಬೇಕಾಯಿತು. ಅವರು ತಮ್ಮ ಉಪಕರಣದಲ್ಲಿಯೇ ಬೇರೆ ರೋಮನ್ನಿಟ್ಟು, ಕರೆ ಬಂದ ಗಳಿಗೆಯಲ್ಲಿ ಮೂಲ ರೋಮನ್ನು ಮರೆಮಾಡಿ ತಮ್ಮದನ್ನು ಮುಂದೊಡ್ಡುವ ಉಪಾಯವನ್ನು ಕಂಡುಕೊಂಡರು. ಮೂಲ ಯಂತ್ರದ ರೋಮನ್ನು ಮಾತ್ರ ತಿದ್ದಲಿಲ್ಲ. ಅಷ್ಟರಲ್ಲಿ ಸಾವಿರಾರು ಕಾರ್ಯಕ್ರಮಗಳು ಆ ರೋಮಿನ ಇಂಥ ವಿಳಾಸದಲ್ಲಿ ಇಂಥದೇ ಇದೆ ಎಂದು ನಂಬಿ ರಚಿತವಾಗುತ್ತಿದ್ದವು. ಬಹುಕಾಲದಿಂದ ರೂಢಿಯಲ್ಲಿರುವ ಪಾಠವನ್ನು ಕದಲಿಸಿದರೆ ಅದನ್ನು ಆಧರಿಸಿದವೆಲ್ಲ ಕದಲುವ ಭಯವುಂಟು.

ಇಂಥ ಸೂಕ್ಷ್ಮಗಳು ಬೆಳಕಿಗೆ ಬಂದುದು ಸಾಲು ಸಾಲಾಗಿ ಓದಿದವರಿಂದ. ಇಯಾನ್ ಲೋಗನ್ ಮತ್ತು ಫ್ರಾಂಕ್ ಓ’ಹಾರಾ ಎಂಬ ಇಬ್ಬರು ಸ್ಪೆಕ್ಟ್ರಮ್‌ನ ಸಮಗ್ರ ರೋಮನ್ನು ಬಿಡಿಸಿ, ಒಂದೊಂದು ಆದೇಶಕ್ಕೂ ಟಿಪ್ಪಣಿ ಬರೆದು ೧೯೮೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇವರಲ್ಲಿ ಲೋಗನ್ ವೃತ್ತಿಯಿಂದ ವೈದ್ಯರು. ಅವರ ಎದುರಿಗಿದ್ದುದು ವಿವರಣೆಯಿಲ್ಲದ ಸಂಖ್ಯೆಗಳ ಸಾಲು ಮಾತ್ರ. ಅದಕ್ಕೆ ಪದಚ್ಛೇದ, ಅನ್ವಯ, ತಾತ್ಪರ್ಯಗಳನ್ನು ಒದಗಿಸಿ, ದೋಷಗಳಿದ್ದಲ್ಲಿ ದೋಷವೆಂದು ಗುರುತಿಸಿ ತೋರಿಸಿದರು. ವ್ಯಾಖ್ಯಾನಕಾರರ ಕೆಲಸವೆಂದರೆ ಇದೇ.

೬. ತಿದ್ದುಪಡಿಯೇ ತಪ್ಪಾದ ಬಗೆ

ದೋಷವನ್ನು ಕಂಡುಹಿಡಿಯುವುದಕ್ಕಿಂತ ಅದನ್ನು ತಿದ್ದುವುದು ಕಠಿಣ ಎಂಬುದಕ್ಕೆ ಅಟಾರಿ ಯಂತ್ರಗಳ ಬೇಸಿಕ್ ಭಾಷೆಯ ಇತಿಹಾಸವೇ ಸಾಕ್ಷಿ. ಶೆಪರ್ಡ್‌ಸನ್ ಮೈಕ್ರೊಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆಯು ಅಟಾರಿಗಾಗಿ ಇದನ್ನು ರಚಿಸಿತು. ಪೂರ್ಣ ಪರಿಷ್ಕರಣವಾಗುವ ಮೊದಲೇ ಇದು ಅಚ್ಚಿಗೆ ಹೋಯಿತು. ಈ ಮೊದಲ ಪಾಠಕ್ಕೆ ‘ಎ’ ಎಂದು ಹೆಸರು.

‘ಎ’ ಪಾಠದಲ್ಲಿ ಒಂದು ವಿಲಕ್ಷಣ ದೋಷವಿತ್ತು. ಕಾರ್ಯಕ್ರಮದ ಒಂದು ಸಾಲನ್ನು ಅಳಿಸಿದಾಗ, ಅದರ ಮುಂದಿನ ಸಾಲುಗಳನ್ನೆಲ್ಲ ಸ್ಮೃತಿಯಲ್ಲಿ ಹಿಂದಕ್ಕೆ ಸರಿಸಿ ತೆರವನ್ನು ತುಂಬಬೇಕು. ಈ ಯಂತ್ರದ ಚಿಪ್ಪು ಎಂಟು ಬಿಟ್ಟಿನದಾದುದರಿಂದ ಸರಿಸುವ ಕೆಲಸವು ೨೫೬ ಬೈಟುಗಳ ಕಂತೆಗಳಾಗಿ ನಡೆದು, ಉಳಿದ ಶೇಷವನ್ನು ಬೇರೆಯಾಗಿ ಸರಿಸಬೇಕಾಗುವುದು. ಸರಿಸಬೇಕಾದ ಭಾಗವು ೨೫೬ರ ನಿಖರವಾದ ಅಪವರ್ತ್ಯವಾಗಿ ಶೇಷವು ಸೊನ್ನೆಯಾದಾಗ ಲೆಕ್ಕ ತಪ್ಪುತ್ತಿತ್ತು, ಯಂತ್ರ ಸ್ತಬ್ಧವಾಗುತ್ತಿತ್ತು. ಎಲ್ಲ ಸಲವೂ ಹೀಗಾಗುತ್ತಿರಲಿಲ್ಲ. ಸಾಲುಗಳ ಉದ್ದವು ಅಕಸ್ಮಾತ್ತಾಗಿ ಆ ಲೆಕ್ಕಕ್ಕೆ ಬಂದಾಗ ಮಾತ್ರ ಆಗುತ್ತಿತ್ತು. ಆದಕಾರಣ ಅನನುಭವಿಯು ತನ್ನದೇ ಏನೋ ತಪ್ಪಾಗಿರಬೇಕೆಂದು ಭಾವಿಸುವುದು ಸಹಜವಾಗಿತ್ತು. ಸೊನ್ನೆಯ ಶೇಷ, ಸೊನ್ನೆಯ ಉದ್ದ, ಮೊದಲ ಮತ್ತು ಕೊನೆಯ ಸ್ಥಾನ ಎಂಬ ಸೀಮೆಗಳಲ್ಲಿಯೇ ದೋಷಗಳು ಹೆಚ್ಚಾಗಿ ಅಡಗಿರುವುವು ಎಂಬುದನ್ನು ಶೋಧಕನು ನೆನಪಿಡಬೇಕು.

೧೯೮೩ರಲ್ಲಿ ಹೊರಬಂದ ೬೦೦ ಎಕ್ಸ್‌ಎಲ್ ಮತ್ತು ೮೦೦ ಎಕ್ಸ್‌ಎಲ್ ಯಂತ್ರಗಳಲ್ಲಿ ಪರಿಷ್ಕೃತವಾದ ‘ಬಿ’ ಪಾಠವನ್ನು ಅಳವಡಿಸಲಾಯಿತು. ಅಳಿಸುವ ಭಾಗದ ದೋಷವನ್ನು ಅದರಲ್ಲಿ ಸರಿಯಾಗಿಯೇ ತಿದ್ದಲಾಗಿತ್ತು. ಅನರ್ಥವಾದುದು ಮುಂದಿನ ಹೆಜ್ಜೆಯಲ್ಲಿ. ಹೊಸ ಸಾಲನ್ನು ಸೇರಿಸುವ ಭಾಗದಲ್ಲಿಯೂ ಅದೇ ತೆರನಾದ ಆದೇಶಗಳಿರುವುದನ್ನು ಕಂಡ ಪರಿಷ್ಕಾರಕರು, ಅಲ್ಲಿಯೂ ಅದೇ ದೋಷವಿರಬೇಕೆಂದು ಊಹಿಸಿ ಅದೇ ತಿದ್ದುಪಡಿಯನ್ನು ಅಲ್ಲಿಗೂ ಹಚ್ಚಿದರು. ಆದರೆ ಆ ಭಾಗವು ಮೊದಲಿನಿಂದಲೂ ಶುದ್ಧವಾಗಿತ್ತು. ತಿದ್ದುಪಡಿಯ ಫಲವಾಗಿ ಹಳೆಯ ದೋಷವು ಅಲ್ಲಿ ಹೊಸದಾಗಿ ಹುಟ್ಟಿತು. ಕಾರ್ಯಕ್ರಮವನ್ನು ಬರೆಯುವವನು ಸಾಲುಗಳನ್ನು ಅಳಿಸುವುದು ವಿರಳ, ಸೇರಿಸುವುದು ಅನುಗಾಲ. ಆದುದರಿಂದ ಮೊದಲು ಅಪರೂಪವಾಗಿದ್ದ ಸ್ತಂಭನವು ಈಗ ಪದೇ ಪದೇ ಕಾಣಿಸತೊಡಗಿತು. ಸಾದೃಶ್ಯವನ್ನು ಮಾತ್ರ ನಂಬಿ ಪರೀಕ್ಷೆಯಿಲ್ಲದೆ ತಿದ್ದಿದ ಸಂಪಾದಕನು ಶುದ್ಧಪಾಠವನ್ನೇ ಕೆಡಿಸಿದಂತೆ ಆಯಿತು.

ಇಷ್ಟೇ ಅಲ್ಲದೆ ‘ಬಿ’ ಪಾಠದಲ್ಲಿ ಮತ್ತೊಂದು ದೋಷವೂ ಇತ್ತು. ಕಾರ್ಯಕ್ರಮವನ್ನು ‘ಸೇವ್’ ಮಾಡಿ ಪುನಃ ‘ಲೋಡ್’ ಮಾಡಿದ ಪ್ರತಿ ಸಲವೂ ಅದಕ್ಕೆ ೧೬ ನಿರರ್ಥಕ ಬೈಟುಗಳು ಸೇರುತ್ತಿದ್ದವು. ಅರುವತ್ತನಾಲ್ಕು ಸಲ ಹೀಗೆ ಮಾಡಿದರೆ ಒಂದು ಕಿಲೋಬೈಟ್ ವ್ಯರ್ಥವಾಗುವುದು. ಕಾರ್ಯಕ್ರಮವನ್ನು ಬಹುದಿನಗಳ ಕಾಲ ತಿದ್ದುತ್ತ ಹೋದವನಿಗೆ ಒಂದು ದಿನ ಸ್ಮೃತಿಯೇ ಸಾಲದೆ ಹೋಗುತ್ತಿತ್ತು.

ಮುಂದೆ ಬಂದ ‘ಸಿ’ ಪಾಠದಲ್ಲಿ ಇವು ನಿವಾರಣೆಯಾದವು. ಕೊನೆಕೊನೆಯ ೮೦೦ ಎಕ್ಸ್‌ಎಲ್ ಯಂತ್ರಗಳಲ್ಲಿಯೂ ಎಕ್ಸ್‌ಇ ಮಾಲೆಯ ಯಂತ್ರಗಳಲ್ಲಿಯೂ ಇರುವುದು ಇದೇ. ತನ್ನ ಯಂತ್ರದಲ್ಲಿರುವುದು ಯಾವ ಪಾಠ ಎಂಬುದನ್ನು ತಿಳಿಯಬೇಕಾದವನು ಬೇಸಿಕ್ಕಿನಲ್ಲಿ ‘ಪ್ರಿಂಟ್ ಪೀಕ್’ ಎಂಬ ಆದೇಶದಿಂದ ೪೩೨೩೪ನೆಯ ವಿಳಾಸವನ್ನು ಓದಿಸಬೇಕು. ೧೬೨ ಎಂದು ಬಂದರೆ ‘ಎ’, ೯೬ ಎಂದು ಬಂದರೆ ‘ಬಿ’, ೨೩೪ ಎಂದು ಬಂದರೆ ‘ಸಿ’. ‘ಬಿ’ ಪಾಠವಿದ್ದವನಿಗೆ ‘ಸಿ’ ಪಾಠದ ಕಾರ್ಟ್ರಿಜ್ ಹಾಕುವುದೇ ಉತ್ತಮ ಪರಿಹಾರ. ಅದು ಸಿಗದಿದ್ದರೆ ‘ಸೇವ್’ ಮತ್ತು ‘ಲೋಡ್’ಗಳ ಬದಲು ‘ಲಿಸ್ಟ್’ ಮತ್ತು ‘ಎಂಟರ್’ ಎಂಬ ಆದೇಶಗಳಿಂದ ಕಾರ್ಯಕ್ರಮವನ್ನು ಉಳಿಸಿ ಹಿಂಪಡೆಯಬೇಕು. ಇವು ಕಾರ್ಯಕ್ರಮವನ್ನು ಬರಿಯ ಅಕ್ಷರರೂಪದಲ್ಲಿ ಬರೆದು ಓದುವುದರಿಂದ ೧೬ ಬೈಟುಗಳ ಕಸವು ಸೇರದು. ಸ್ತಂಭನಕ್ಕೆ ಮಾತ್ರ ಪೂರ್ಣ ಪರಿಹಾರವಿಲ್ಲ. ನಾಲ್ಕಾರು ಸಾಲು ಬರೆದೊಡನೆ ಉಳಿಸಿಕೊಳ್ಳುತ್ತ ಹೋಗುವುದೊಂದೇ ರಕ್ಷೆ.

೭. ಉಂಟೋ ಇಲ್ಲವೋ ಎಂಬ ವಿವಾದ

ಕಮೊಡೋರ್ ೬೪ಕ್ಕೆ ಜೋಡಿಸುವ ೧೫೪೧ ಎಂಬ ಫ್ಲಾಪಿ ಡ್ರೈವಿಗೆ ತನ್ನದೇ ಆದ ಚಿಪ್ಪು, ರೋಮ್ ಮತ್ತು ೨ ಕಿಲೋಬೈಟ್ ರ‍್ಯಾಮ್ ಇದ್ದವು. ಹಳೆಯ ಕಡತದ ಜಾಗದಲ್ಲಿ ಅದೇ ಹೆಸರಿನಿಂದ ಹೊಸದನ್ನು ಉಳಿಸಬೇಕಾದರೆ ಹೆಸರಿನ ಹಿಂದೆ ಒಂದು ವಿಶೇಷ ಚಿಹ್ನೆಯನ್ನು ಸೇರಿಸುವ ಅನುಕೂಲವಿತ್ತು. ಈ ಅನುಕೂಲವನ್ನು ಬಳಸಿದ ಕೆಲವರ ಡಿಸ್ಕುಗಳಲ್ಲಿ ಒಂದು ಕಡತದ ಭಾಗ ಇನ್ನೊಂದರ ಮೇಲೆ ಬಿದ್ದು ಎರಡೂ ನಾಶವಾದವು. ಇತರರು ನೂರಾರು ಸಲ ಬಳಸಿದರೂ ಏನೂ ಆಗಲಿಲ್ಲ. ಆದುದರಿಂದ ಈ ದೋಷ ನಿಜವಾಗಿ ಇದೆಯೇ, ಅಥವಾ ಬಳಸುವವರ ಭ್ರಮೆಯೇ ಎಂಬ ಬಗ್ಗೆ ಅಂದಿನ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು.

೧೯೮೦ರ ದಶಕದ ಮಧ್ಯಭಾಗದಲ್ಲಿ ರೋಮಿನ ಬರಹವನ್ನು ಓದಿದವರು ಕಾರಣವನ್ನು ಹೊರತೆಗೆದರು. ೧೫೪೧ರ ಬರಹವು ಎರಡು ಡಿಸ್ಕುಗಳಿರುತ್ತಿದ್ದ ಹಿಂದಿನ ಯಂತ್ರಗಳಿಂದ ಬಳುವಳಿಯಾಗಿ ಬಂದುದು. ಎಷ್ಟನೆಯ ಡಿಸ್ಕೆಂದು ಹೇಳದೆ ಆದೇಶ ಕೊಟ್ಟರೆ ಅದು ಇಲ್ಲದ ಎರಡನೆಯ ಡಿಸ್ಕಿಗೂ ರ‍್ಯಾಮಿನಲ್ಲಿ ಸ್ಥಳ ಕಾದಿರಿಸುತ್ತಿತ್ತು. ಸ್ಥಳ ಸಾಲದೆ ಹೋದಾಗ ಬೇರೆ ಕೆಲಸದ ಸ್ಥಳವನ್ನು ಕಿತ್ತುಕೊಳ್ಳುವ ಸಂದರ್ಭದಲ್ಲಿ ಬರಹಗಳು ಕಲಸಿಹೋಗುತ್ತಿದ್ದವು. ಎರಡು ಪಕ್ಷದವರ ಅನುಭವವೂ ಸತ್ಯವಾಗಿತ್ತು. ಅವರ ಸಂದರ್ಭಗಳು ಬೇರೆಯಾಗಿದ್ದವು. ಪ್ರತಿಯೊಂದು ಆದೇಶದಲ್ಲಿಯೂ ಡಿಸ್ಕಿನ ಸಂಖ್ಯೆ ಸೊನ್ನೆ ಎಂದು ಸ್ಪಷ್ಟವಾಗಿ ಹೇಳುವುದು ಒಂದು ಪರಿಹಾರ. ಅದಕ್ಕಿಂತ ನಿರ್ಭಯವಾದುದೆಂದರೆ ಹೊಸ ಕಡತವನ್ನು ಹೊಸ ಹೆಸರಿನಿಂದ ಉಳಿಸಿ, ಸರಿಯಾಗಿ ಉಳಿಯಿತೇ ಎಂದು ತಾಳೆ ನೋಡಿ, ಆಮೇಲೆ ಹಳೆಯದನ್ನು ಅಳಿಸುವುದು. ಒಬ್ಬನಿಗೆ ಕಾಣದ ಮಾತ್ರಕ್ಕೆ ದೋಷವಿಲ್ಲವೆಂದು ಹೇಳಲಾಗದು. ಒಬ್ಬನಿಗೆ ಕಂಡ ಮಾತ್ರಕ್ಕೆ ಅದರ ಕಾರಣ ಸಿದ್ಧಿಸಿತೆಂದೂ ಹೇಳಲಾಗದು.

೮. ಶೋಧನೆಯ ಕ್ರಮ

ಮೇಲಿನ ನಿದರ್ಶನಗಳಿಂದ ಫಲಿತವಾಗುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

ಒಂದು: ವಿದ್ಯುತ್ ಪೂರೈಕೆಯನ್ನು ಅಳೆದು, ಜೋಡಣೆಗಳನ್ನು ಬಿಗಿಮಾಡಿ, ಹೊರ ಉಪಕರಣಗಳನ್ನು ಬಿಚ್ಚಿ ಭೌತಿಕ ಕಾರಣಗಳನ್ನು ನಿವಾರಿಸಬೇಕು.

ಎರಡು: ರೋಮಿನ ಪಾಠ ಯಾವುದೆಂದು ನಿರ್ಣಯಿಸಿ ಬರೆದಿಟ್ಟುಕೊಳ್ಳಬೇಕು.

ಮೂರು: ದೋಷವನ್ನು ಇಚ್ಛೆ ಬಂದಾಗ ಮರಳಿ ಬರಿಸಲು ಸಾಧ್ಯವೇ ಎಂದು ನೋಡಬೇಕು. ಮರಳಿ ಬಾರದ ದೋಷವನ್ನು ತಿದ್ದಿದೆನೆಂದು ಹೇಳಲು ಆಧಾರವಿಲ್ಲ.

ನಾಲ್ಕು: ಕಾರ್ಯಕ್ರಮದ ಒಂದೊಂದೇ ಸಾಲನ್ನು ತೆಗೆಯುತ್ತ, ದೋಷವು ಇನ್ನೂ ಕಾಣುವ ಅತ್ಯಂತ ಕಿರಿದಾದ ರೂಪಕ್ಕೆ ತರಬೇಕು. ಒಂದೇ ಬಾರಿಗೆ ಎರಡು ಬದಲಾವಣೆಗಳನ್ನು ಮಾಡಬಾರದು. ಮಾಡಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯದು.

ಐದು: ಪರಿಹಾರವನ್ನು ಹಚ್ಚಿದ ಮೇಲೆ ದೋಷವಿದ್ದ ಸ್ಥಳವನ್ನಷ್ಟೇ ಅಲ್ಲದೆ, ಮೊದಲು ಸರಿಯಾಗಿದ್ದ ಸ್ಥಳಗಳನ್ನೂ ಪರೀಕ್ಷಿಸಬೇಕು. ಅಟಾರಿಯ ‘ಬಿ’ ಪಾಠದಲ್ಲಿ ತಪ್ಪಿಹೋದುದು ಈ ಹೆಜ್ಜೆಯೇ.

ಆರು: ಕಂಡದ್ದನ್ನು ದಾಖಲಿಸಬೇಕು. ಯಂತ್ರ, ಪಾಠ, ಆದೇಶ, ಬಂದ ಉತ್ತರ, ಬರಬೇಕಾದ ಉತ್ತರ ಎಂಬ ಐದು ವಿವರಗಳಿದ್ದರೆ ಸಾಕು.

ರೋಮನ್ನೇ ಬದಲಿಸುವವರು ಇನ್ನೊಂದು ಜಾಗ್ರತೆ ವಹಿಸಬೇಕು. ಇಂದು ತಿದ್ದಿದ ಬರಹವನ್ನು ಈಪ್ರಾಮ್ ಎಂಬ ಮರುಬರೆಯಬಲ್ಲ ಚಿಪ್ಪಿನಲ್ಲಿ ತುಂಬಿ ಹಳೆಯದರ ಸ್ಥಾನದಲ್ಲಿ ಕೂರಿಸುವುದು ಸಾಧ್ಯ. ಆದರೆ ಮೂಲ ಚಿಪ್ಪನ್ನು ಎಸೆಯಬಾರದು. ಅದರ ಯಥಾವತ್ ನಕಲನ್ನು ತೆಗೆದಿಟ್ಟು, ಚಿಪ್ಪನ್ನೂ ಹೆಸರು ಬರೆದು ಕಾಪಾಡಬೇಕು. ಹಳೆಯ ಕಾರ್ಯಕ್ರಮಗಳಲ್ಲಿ ಕೆಲವು ಹಳೆಯ ಪಾಠವನ್ನೇ ನೆಚ್ಚಿಕೊಂಡಿರುತ್ತವೆ. ಸಂಪಾದಕನು ಶುದ್ಧಪಾಠವನ್ನು ಮೇಲೆ ಕೊಟ್ಟು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು ಇದೇ ಕಾರಣಕ್ಕಾಗಿ.

ಉಪಸಂಹಾರ

ಈ ಯಂತ್ರಗಳ ಮುಂದೆ ಕುಳಿತವರಲ್ಲಿ ಬಹುಮಂದಿ ಬಾಲಕ ಬಾಲಿಕೆಯರು. ಯಂತ್ರವು ತಪ್ಪು ಮಾಡದೆಂಬುದು ಅಂದಿನ ಸಾಮಾನ್ಯ ನಂಬಿಕೆ. ಯಂತ್ರ ಸ್ತಬ್ಧವಾದಾಗ ಮಗುವಿನ ಕೈಯನ್ನೇ ದೂಷಿಸುವುದು ಹಿರಿಯರಿಗೆ ಸುಲಭವಾಗಿತ್ತು. ಮಗುವೂ ಅದನ್ನು ನಂಬುತ್ತಿತ್ತು. ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು. ರೋಮಿನಲ್ಲಿ ದೋಷವಿದೆಯೆಂದು ಕೇಳಿದವನು ತನ್ನ ಅಜಾಗ್ರತೆಯನ್ನೆಲ್ಲ ಯಂತ್ರದ ಮೇಲೆ ಹೊರಿಸಬಹುದು. ಎರಡೂ ಪರೀಕ್ಷೆಯಿಲ್ಲದ ತೀರ್ಪುಗಳೇ. ವಿದ್ಯಾರ್ಥಿಯು ಬಂದು ‘ಉತ್ತರ ಸರಿಯಾಗಿ ಬರುತ್ತಿಲ್ಲ’ ಎಂದಾಗ ‘ಏನು ಕೊಟ್ಟೆ, ಏನು ಬಂತು, ಏನು ಬರಬೇಕಾಗಿತ್ತು, ಮತ್ತೆ ಮಾಡಿದರೂ ಹಾಗೆಯೇ ಬರುವುದೇ’ ಎಂಬ ನಾಲ್ಕು ಪ್ರಶ್ನೆಗಳನ್ನು ಶಾಂತವಾಗಿ ಕೇಳುವ ಉಪಾಧ್ಯಾಯನು ಅರ್ಧ ಶೋಧನೆಯನ್ನು ಮುಗಿಸಿದಂತೆಯೇ.

ನಾಲ್ಕು ದಶಕಗಳ ಹಿಂದಿನ ಆ ರೋಮುಗಳು ಇಂದಿಗೂ ಅದೇ ತಪ್ಪುಗಳನ್ನು ತಪ್ಪದೆ ಮಾಡುತ್ತವೆ. ಅವುಗಳನ್ನು ಬಳಸುವವರು ಮಾತ್ರ ಈಗ ಮೋಸಹೋಗುವುದಿಲ್ಲ. ಯಾವ ಯಂತ್ರದಲ್ಲಿ, ಯಾವ ಪಾಠದಲ್ಲಿ, ಎಲ್ಲಿ ತಪ್ಪಿದೆಯೆಂಬುದನ್ನು ಹಿಂದಿನವರು ಸಾವಧಾನವಾಗಿ ಓದಿ ಬರೆದಿಟ್ಟಿದ್ದಾರೆ. ತಿದ್ದಲಾಗದ ಬರಹವನ್ನೂ ಬಳಸಲು ಯೋಗ್ಯವಾಗಿಸಿದ್ದು ಆ ಟಿಪ್ಪಣಿಗಳೇ.